ಅಜ್ಜನವರು ಮ್ಯೂಟ್‌ನಲ್ಲಿರತಕ್ಕದ್ದು

ಬಾಯಿ ಮುಚ್ಚಿಸಿಕೊಳ್ಳುವುದು ನನಗೆ ಹೊಸದೇನಲ್ಲ. ಹೆಡ್‌ಮಾಸ್ತರರು ಮುಚ್ಚಿಸಿದ್ದಾರೆ, ಇನ್ಸ್‌ಪೆಕ್ಷನ್ನಿಗೆ ಬಂದ ಸಾಹೇಬರು ಮುಚ್ಚಿಸಿದ್ದಾರೆ, ಮನೆಯಲ್ಲಂತೂ ಆ ಖಾತೆ ಮದುವೆಯಾದ ವರ್ಷದಿಂದಲೂ ನಮ್ಮಾಕೆಯ ಸುಪರ್ದಿನಲ್ಲಿದೆ. ಆದರೆ ಅವರೆಲ್ಲ ಮುಚ್ಚಿಸಿದಾಗ ಮುಚ್ಚಿದ್ದು ನನಗೆ ಗೊತ್ತಾಗುತ್ತಿತ್ತು. ನಾನು ಕೈ ಆಡಿಸಿ, ಹುಬ್ಬು ಹಾರಿಸಿ ಮಾತಾಡುತ್ತಲೇ ಇರುವಾಗ, ಎಲ್ಲೋ ಬೆಂಗಳೂರಿನಲ್ಲಿ ಕೂತ ಒಬ್ಬ ಹೆಣ್ಣುಮಗಳು ಬೆರಳ ತುದಿಯಿಂದ ನನ್ನ ಬಾಯಿ ಮುಚ್ಚಿಸಿದ್ದು, ಅದು ತಿಳಿಯದೆ ನಾನು ಶ್ರೀಶೈಲ, ಕೇದಾರ, ಕಾಶಿಯವರೆಗೂ ಹೋಗಿ ಬಂದದ್ದು 2020ರ ಜುಲೈ ತಿಂಗಳ ವಿಶೇಷ.

ಆ ವರ್ಷ ಮಾರ್ಚ್ ಕೊನೆಗೆ ದೇಶಕ್ಕೆ ಬೀಗ ಬಿತ್ತಲ್ಲ, ಬೀಗ ಸಡಿಲಾದ ಕೂಡಲೇ ಮಗಳು, ಅಳಿಯ, ಮೊಮ್ಮಗಳು ಬೆಂಗಳೂರಿನ ಫ್ಲ್ಯಾಟು ಬಿಟ್ಟು ಉಜ್ಜಿನಿಗೆ ಬಂದರು. ಅಳಿಯಂದಿರು ಮಾಳಿಗೆ ಹತ್ತಿ ಕೂತರು, ಸಿಗ್ನಲ್ಲು ಸಿಗುವುದು ಅಲ್ಲೇ ಎಂದು. ಮೊಮ್ಮಗಳು ಐದನೇ ಕ್ಲಾಸು. ಐದರವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೇ ಬೇಡ ಎಂದು ಸರ್ಕಾರ ಜೂನ್‌ನಲ್ಲಿ ಹೇಳಿತು. ಕೂಸು ಹಿತ್ತಲಿನ ಹುಣಸೆ ಮರ ಹತ್ತಿತು. ಜುಲೈ 8ರಂದು ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಕೂಸು ಹುಣಸೆ ಮರ ಇಳಿಯಿತು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಸಮಾಜ ವಿಜ್ಞಾನದ ಮೇಷ್ಟ್ರು ನಾನು. ಅವುಗಳ ಸಂಬಂಧ ಇಷ್ಟು ಸ್ಪಷ್ಟವಾಗಿ ನನಗೆ ಯಾವತ್ತೂ ಕಂಡಿರಲಿಲ್ಲ.

ಮೊದಲ ದಿನದ ಕ್ಲಾಸು. ಪಡಸಾಲೆಯಲ್ಲಿ ಲ್ಯಾಪ್‌ಟಾಪು, ಅದರ ಮುಂದೆ ಎರಡು ಜಡೆಯ ಮೊಮ್ಮಗಳು, ಅವಳ ಹಿಂದೆ ಕಂಬಕ್ಕೊರಗಿ ಪೇಪರ್ ಓದುತ್ತ ನಾನು. ಟೀಚರಮ್ಮ ಚಿಕ್ಕ ವಯಸ್ಸಿನವರು, ನಗುಮುಖ. ಯಾವ್ಯಾವ ಮಗು ಎಲ್ಲೆಲ್ಲಿದೆ ಎಂದು ವಿಚಾರಿಸುತ್ತಿದ್ದರು. ಒಬ್ಬ ಮೈಸೂರು ಅಂದ, ಒಬ್ಬಳು ಪುತ್ತೂರು ಅಂದಳು. ನಮ್ಮ ಕೂಸು "ಉಜ್ಜಿನಿ, ಮ್ಯಾಮ್" ಅಂದಿತು.

"ಓ, ಮಧ್ಯಪ್ರದೇಶ! ಲಾಕ್‌ಡೌನಲ್ಲಿ ಅಷ್ಟು ದೂರ ಹೇಗೆ ಹೋದ್ರಿ? ಮಹಾಕಾಲೇಶ್ವರನ ದರ್ಶನ ಆಯ್ತಾ?"

ಕೂಸು ನಮ್ಮ ಮನೆತನದ ಮರ್ಯಾದೆ ಕಲಿತದ್ದು. ದೊಡ್ಡವರ ಮಾತನ್ನು ಅಲ್ಲಗಳೆಯಬಾರದು ಎಂದುಕೊಂಡು "ಆಯ್ತು ಮ್ಯಾಮ್" ಅಂದುಬಿಟ್ಟಿತು. ನನಗೆ ತಡೆಯಲಾಗಲಿಲ್ಲ. ಕಂಬ ಬಿಟ್ಟು ಎದ್ದು, ಪರದೆಗೆ ಮುಖವಿಟ್ಟು, "ಅಲ್ಲರೀ ಮೇಡಂ, ಇದು ಆ ಉಜ್ಜಯಿನಿ ಅಲ್ಲ, ನಮ್ಮ ಕೊಟ್ಟೂರು ಪಕ್ಕದ್ದು" ಎಂದು ಶುರು ಮಾಡಿದೆ. ಕೂಡ್ಲಿಗಿ ತಾಲ್ಲೂಕು ಹೋಗಿ ಕೊಟ್ಟೂರು ತಾಲ್ಲೂಕು ಆದದ್ದನ್ನು ಹೇಳಿದೆ. ಮರುಳಸಿದ್ದೇಶ್ವರ ಸ್ವಾಮಿಯ ಜಾತ್ರೆಯಲ್ಲಿ ಗುಡಿಯ ಶಿಖರಕ್ಕೇ ಎಣ್ಣೆ ಎರೆಯುತ್ತೇವೆ, ಆ ಎಣ್ಣೆ ಜರಿಮಲೆ ಪಾಳೆಯಗಾರರ ಮನೆತನದಿಂದ ಬರುತ್ತದೆ ಎಂದೆ. ಪಂಚಪೀಠಗಳಲ್ಲಿ ನಮ್ಮದೂ ಒಂದು ಎಂದು ಹೇಳಿದ ಮೇಲೆ ಉಳಿದ ನಾಲ್ಕನ್ನು ಹೇಳದಿದ್ದರೆ ಪಾಠ ಪೂರ್ತಿಯಾದೀತೇ? ಒಂದೊಂದನ್ನೇ ಬಿಡಿಸುತ್ತ ಹೋದೆ. ಪರದೆಯ ಮೇಲಿನ ಪುಟ್ಟ ಪುಟ್ಟ ಮುಖಗಳೆಲ್ಲ ಎಷ್ಟು ಏಕಾಗ್ರತೆಯಿಂದ ನೋಡುತ್ತಿದ್ದವು ಎಂದರೆ, ಸರ್ವೀಸಿನಲ್ಲಿದ್ದಾಗ ಅಂಥ ತರಗತಿ ನನಗೆ ಸಿಕ್ಕಿರಲಿಲ್ಲ. ಮುಗಿಸಿ, ಉಸಿರು ಬಿಟ್ಟು, "ಏನಾದ್ರೂ ಪ್ರಶ್ನೆ ಐತೇನ್ರೀ?" ಅಂದೆ. ಮೊಮ್ಮಗಳು ತಲೆ ಎತ್ತದೆ ಹೇಳಿದಳು: "ಅಜ್ಜಾ, ನಿನ್ನ ಆಗ್ಲೇ ಮ್ಯೂಟ್ ಮಾಡಿದ್ರು."

"ಯಾವಾಗವ್ವಾ?"

"ನೀನು ಇನ್ನೂ ಬಾಳೆಹೊನ್ನೂರಲ್ಲಿದ್ದಾಗ."

ಮರುದಿನ ಪಾಲಕರ ವಾಟ್ಸಾಪ್ ಗುಂಪಿಗೆ ನಿಯಮಾವಳಿ ಬಂತು. ಮಗಳು ಓದಿ ಹೇಳಿದಳು. ಐದು ನಿಮಿಷ ಮೊದಲೇ ಬರಬೇಕು, ಕ್ಯಾಮೆರಾ ತೆರೆದಿರಬೇಕು, ಮೈಕು ಮುಚ್ಚಿರಬೇಕು, ಹಿಂದೆ ಖಾಲಿ ಗೋಡೆ ಇರಬೇಕು, ಸೊಂಟದ ಮೇಲಕ್ಕಾದರೂ ಯೂನಿಫಾರ್ಮ್ ಇರಬೇಕು, ಮಾತಾಡಬೇಕಾದರೆ ಕೈ ಎತ್ತಬೇಕು, ಚಾಟ್‌ನಲ್ಲಿ ಪಾಠದ ಮಾತು ಬಿಟ್ಟು ಬೇರೆ ಬರೆಯಬಾರದು, ತಿನ್ನಬಾರದು, ಇನ್ನೊಬ್ಬರ ಫೋಟೋ ಹಿಡಿಯಬಾರದು. ಕಟ್ಟಕಡೆಯಲ್ಲಿ, ಮನೆಯ ಹಿರಿಯರು ದಯವಿಟ್ಟು ತರಗತಿಯಲ್ಲಿ ಮಾತಾಡಬಾರದು ಎಂಬ ಅರ್ಥ ಬರುವ ಒಂದು ಸಾಲು. ಬಹುವಚನದಲ್ಲೇ ಬರೆದಿದ್ದರು ಪಾಪ, ಆದರೆ ಆ ಗುಂಪಿನಲ್ಲಿ ಅದಕ್ಕೆ ಪಾತ್ರನಾದ ಹಿರಿಯ ಯಾರು ಎಂದು ಯಾರಿಗೂ ಅನುಮಾನವಿರಲಿಲ್ಲ. ಸರ್ಕಾರಿ ಸುತ್ತೋಲೆಗಳನ್ನು ಓದಿ ಮುಪ್ಪಾದ ನಾನು ಅದನ್ನು ನನ್ನ ಭಾಷೆಗೆ ಇಳಿಸಿಕೊಂಡೆ: ಅಜ್ಜನವರು ಮ್ಯೂಟ್‌ನಲ್ಲಿರತಕ್ಕದ್ದು. ನಮ್ಮಾಕೆಗೆ ಅದು ಬಲು ಹಿಡಿಸಿತು. ಮೊಮ್ಮಗಳ ಕೈಲಿ ದಪ್ಪಕ್ಷರದಲ್ಲಿ ಬರೆಸಿ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಳು. ಕ್ಲಾಸು ಮುಗಿದ ಮೇಲೂ ಆ ಚೀಟಿಯ ಕಡೆ ಬೆರಳು ತೋರಿಸುವ ಅಭ್ಯಾಸ ಮಾಡಿಕೊಂಡಳು.

ದೆಹಲಿಯಿಂದಲೂ ಅದೇ ಜುಲೈ 14ರಂದು 'ಪ್ರಗ್ಯಾತಾ' ಎಂಬ ಮಾರ್ಗಸೂಚಿ ಬಂದಿತ್ತು. ಒಂದರಿಂದ ಎಂಟನೇ ಕ್ಲಾಸಿನವರಿಗೆ ದಿನಕ್ಕೆ ಎರಡೇ ಅವಧಿ, ಒಂದೊಂದು 30ರಿಂದ 45 ನಿಮಿಷ, ಅದಕ್ಕಿಂತ ಹೆಚ್ಚು ಬೇಡ ಎಂದು. ಅದನ್ನು ನಾನು ಪೇಪರಿನಲ್ಲಿ ಓದಿ ಗಟ್ಟಿಯಾಗಿ ಹೇಳಿದೆ. ನಮ್ಮಾಕೆ ಚೀಟಿ ತೋರಿಸಿದಳು.

ನಿಯಮ ಅಂದರೆ ನನಗೇನೂ ಅಲರ್ಜಿ ಇಲ್ಲ. ನಾನೂ ತರಗತಿಯ ಗೋಡೆಗೆ 'ಮೌನವಾಗಿರಿ' ಎಂದು ಬರೆಸಿದವನೇ, ಅದನ್ನು ದಿನಾ ಕೂಗಿ ಹೇಳಿದವನೂ ನಾನೇ. ಆದರೆ ಇಷ್ಟೊಂದು ನಿಯಮ ನನಗೆ ಯಾಕೆ ಬೇಕಾಗಿರಲಿಲ್ಲ ಎಂದು ಯೋಚಿಸಿದರೆ, ನನ್ನ ಅರ್ಧ ಕೆಲಸವನ್ನು ಕಟ್ಟಡವೇ ಮಾಡಿಬಿಡುತ್ತಿತ್ತು. ಗೇಟಿನಲ್ಲಿ ಸೈಕಲ್ ಇಳಿಯಬೇಕು, ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕು, ತಡವಾದರೆ ಬಾಗಿಲಲ್ಲಿ ನಿಂತು "ಒಳಗೆ ಬರ್ಲಾ ಸಾರ್" ಎನ್ನಬೇಕು. ಅಷ್ಟಾಗುವ ಹೊತ್ತಿಗೆ ಎಂಥ ಭಂಡನ ಮುಖದ ಮೇಲೂ ಒಂದಿಷ್ಟು ವಿನಯ ಬಂದಿರುತ್ತಿತ್ತು. ಈ ಕಂಪ್ಯೂಟರ್ ಶಾಲೆಗೆ ಗೇಟಿಲ್ಲ, ಹೊಸ್ತಿಲಿಲ್ಲ. ಹಾಸಿಗೆಯಲ್ಲಿದ್ದ ಹುಡುಗ ಒಂದು ಬೆರಳೊತ್ತಿದರೆ ಸೀದಾ ಬೆಂಚಿನ ಮೇಲೆ ಬಂದು ಬೀಳುತ್ತಾನೆ. ಹೊಸ್ತಿಲು ಇಲ್ಲದ ಮನೆಗೆ ಬೇಡದವರೂ ನುಗ್ಗುತ್ತಾರೆ. ಜಗತ್ತಿನ ತುಂಬ ಯಾರ್ಯಾರೋ ಪೋಲಿಗಳು ಹಾಗೆ ತರಗತಿಗಳಿಗೆ ನುಗ್ಗಿ ಅಸಭ್ಯ ಚಿತ್ರ ತೋರಿಸತೊಡಗಿದ ಮೇಲೆ, 2020ರ ಏಪ್ರಿಲ್‌ನಲ್ಲಿ ಜೂಮ್ ಕಂಪನಿಯವರು 'ಕಾಯುವ ಕೋಣೆ'ಯನ್ನು ಶಾಲೆಗಳಿಗೂ ಪುಕ್ಕಟೆ ಬಳಸುವವರಿಗೂ ತಾನಾಗಿಯೇ ಚಾಲೂ ಇರುವ ಹಾಗೆ ಮಾಡಿದರು. ಅಂದರೆ, ಹೊಸ್ತಿಲು ಕಟ್ಟಿದರು. ನಾನು ಒಂದೆರಡು ಸಲ ಆ ಕೋಣೆಯಲ್ಲಿ ಕಾದಿದ್ದೇನೆ. ಅಲ್ಲಿ ನಮ್ಮನ್ನು ಯಾರೂ ನೋಡುವುದಿಲ್ಲವಂತೆ. ಆದರೂ ನಾನು ಬೆನ್ನು ನೆಟ್ಟಗೆ ಮಾಡಿ, ಟವೆಲ್ಲು ಸರಿಮಾಡಿಕೊಂಡೇ ಕೂತಿದ್ದೆ.

ಹಳೆಯ ಶಾಲೆಯ ಮರ್ಯಾದೆಗಳು ಮಕ್ಕಳನ್ನು ಅಷ್ಟು ಸುಲಭಕ್ಕೆ ಬಿಡುವುದೂ ಇಲ್ಲ. ಒಂದು ದಿನ ಕ್ಲಾಸಿನ ನಡುವೆ ಮೊಮ್ಮಗಳು ಕಿರುಬೆರಳೆತ್ತಿ ಟೀಚರಿಗೆ ತೋರಿಸಿದಳು. ಅವರು "ಗೋ" ಅಂದರು. ಆಮೇಲೆ ಎದ್ದು ಹಿತ್ತಲಿಗೆ ಓಡಿದಳು. ಅಡುಗೆಮನೆಯಿಂದ ಇದನ್ನು ನೋಡಿದ ನಮ್ಮಾಕೆಗೆ ಆಶ್ಚರ್ಯ ತಡೆಯಲಾಗಲಿಲ್ಲ. "ನಮ್ಮನಿ ಬಚ್ಚಲಿಗೆ ಹೋಗಾಕೆ ಬೆಂಗಳೂರಿನ ಮಂದೀನ ಕೇಳ್ಬೇಕೇನ್ರೀ? ಬ್ಯಾಡ ಅಂದ್ರೆ ಏನ್ಮಾಡ್ತೈತೆ ಕೂಸು?" ಈ ಪ್ರಶ್ನೆಗೆ ಪ್ರಗ್ಯಾತಾದಲ್ಲೂ ಉತ್ತರವಿರಲಿಲ್ಲ.

ಉಜ್ಜಿನಿಗೆ ಬಂದವರಿಗೆ ನಾವು ಒಂದು ಮಾತು ಹೇಳುತ್ತೇವೆ, ನೀವೂ ಕೇಳಿರಬಹುದು: ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು. ನಮ್ಮ ಗುಡಿಯ ಸೊಗಸೆಲ್ಲ ಒಳಗೇ. ಕಂಬಗಳ ನಡುವೆ ನಿಂತು ಕತ್ತು ಎತ್ತಿದರೆ ಮಾಡಿನ ಕೆತ್ತನೆ ನೋಡುತ್ತ ಇಳಿಸುವುದು ಮರೆತುಹೋಗುತ್ತದೆ. ಆದರೆ ಗುಡಿಯ ಮಾತು ಬೇರೆ, ಮನೆಯ ಮಾತು ಬೇರೆ. ಮನೆಯನ್ನು ಲೋಕ ಯಾವತ್ತೂ ಹೊರಗಿನಿಂದ ನೋಡಿ ಹೋಗುತ್ತಿತ್ತು. ಬಂದವರು ಪಡಸಾಲೆಯಲ್ಲಿ ಕೂತು ನೀರು ಕುಡಿದು ಎದ್ದರೆ ಅಡುಗೆಮನೆಯ ಮಸಿ, ಸೋರುವ ಮೂಲೆ, ಕೋಣೆಯಲ್ಲಿ ಕೆಮ್ಮುವ ಮುದುಕ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಕ್ಯಾಮೆರಾ ಬಂತು ನೋಡಿ, ಎಲ್ಲರ ಮನೆಯೂ ಉಜ್ಜಿನಿಯಾಯಿತು. ಮೊಮ್ಮಗಳ ಕ್ಲಾಸಿನಲ್ಲಿ ಒಬ್ಬಳ ಹಿಂದೆ ಪುಸ್ತಕದ ಕಪಾಟು, ಒಬ್ಬನ ಹಿಂದೆ ದೊಡ್ಡ ಟಿವಿ. ಇನ್ನೊಬ್ಬ ಯಾವಾಗಲೂ ಕ್ಯಾಮೆರಾ ಮುಚ್ಚಿರುತ್ತಿದ್ದ. 'ಕ್ಯಾಮೆರಾ ಆನ್' ಎಂದು ದಿನಾ ಗದರಿಸಿಕೊಳ್ಳುತ್ತಿದ್ದ. ಒಂದು ದಿನ ತೆರೆದ. ಒಂದೇ ಕೋಣೆಯ ಮನೆ, ಹಿಂದೆ ಹಗ್ಗದ ಮೇಲೆ ಬಟ್ಟೆ, ಬಟ್ಟೆಯ ಆಚೆ ಯಾರೋ ಮಲಗಿದ್ದರು. ಖಾಲಿ ಗೋಡೆ ಇಟ್ಟುಕೊಳ್ಳಿ ಎಂದು ಬರೆಯುವುದು ಸುಲಭ. ಖಾಲಿ ಗೋಡೆ ಎನ್ನುವುದು ಉಳ್ಳವರ ವಸ್ತು ಎಂಬುದು ನನಗೂ ಅವತ್ತೇ ಹೊಳೆದದ್ದು.

ಇನ್ನು ನಮ್ಮ ಮನೆಯ ಒಳಗು ಏನೆಂದರೆ, ರೊಟ್ಟಿ. ನಮ್ಮ ಕಡೆ ಜೋಳದ ರೊಟ್ಟಿಯನ್ನು ಲಟ್ಟಿಸುವುದಿಲ್ಲ, ಬಡಿಯುತ್ತೇವೆ. ಹಿಟ್ಟಿಗೆ ಕುದಿನೀರು ಬಿಟ್ಟು ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿ ಅಂಗೈಯಿಂದ ಬಡಿಯುತ್ತ ಹೋದರೆ ಅದು ತನ್ನಷ್ಟಕ್ಕೆ ತಿರುಗುತ್ತ ಹರಡಿಕೊಳ್ಳುತ್ತದೆ. ಮೊದಲು ನಿಧಾನ, ಅಂಚು ತೆಳುವಾಗುತ್ತ ಬಂದಂತೆ ಚುರುಕು. ನಮ್ಮಾಕೆ ರೊಟ್ಟಿಗೆ ಕೂತರೆ ಮೂರನೇ ಮನೆಯವರಿಗೂ ನಮ್ಮ ಊಟದ ಹೊತ್ತು ಗೊತ್ತಾಗುತ್ತದೆ. ಅದು ಸರಿಯಾಗಿ ಗಣಿತದ ಕ್ಲಾಸಿನ ಹೊತ್ತು. ಮೊಮ್ಮಗಳು ಉತ್ತರ ಹೇಳಲು ಮೈಕು ತೆರೆದಾಗಲೆಲ್ಲ ಭಿನ್ನರಾಶಿಯ ಹಿಂದೆ ಪಟಪಟ ಪಟಪಟ. "ಯಾರೋ ಬಾಗಿಲು ಬಡೀತಿದಾರೆ" ಎಂದ ಒಬ್ಬ. "ತಬಲಾ" ಎಂದು ಇನ್ನೊಬ್ಬ ಚಾಟ್‌ನಲ್ಲಿ ಬರೆದ. ಅದರ ಕೆಳಗೆ ನಗುವ ಹಳದಿ ಮುಖಗಳು ಸಾಲುಗಟ್ಟಿದವು. ಕೂಸಿನ ಕಿವಿ ಕೆಂಪಾಯಿತು. ಮೈಕು ಮುಚ್ಚಿ ಒಳಗೆ ಬಂದು, "ಅಜ್ಜಿ, ನಂಗೆ ಅವಮಾನ ಆಗ್ತೈತೆ, ಸೌಂಡ್ ಮಾಡ್ಬೇಡ" ಅಂದಳು.

"ಸೌಂಡ್ ಇಲ್ದಂಗೆ ರೊಟ್ಟಿ ಹೆಂಗಾಗ್ತೈತೆ, ನಿಮ್ಮ ಟೀಚರಮ್ಮನ್ನೇ ಕೇಳ್ಕಂಡು ಬಾ" ಅಂದಳು ನಮ್ಮಾಕೆ. ಹಾಗೆಂದರೂ ಮರುದಿನದಿಂದ ಕ್ಲಾಸು ಶುರುವಾಗುವ ಮೊದಲೇ ರೊಟ್ಟಿ ಮುಗಿಸತೊಡಗಿದಳು. ಹನ್ನೆರಡೂವರೆಗೆ ಬಿಸಿ ರೊಟ್ಟಿ ಉಣ್ಣುತ್ತಿದ್ದ ನಾನು ಆ ದಿನಗಳಲ್ಲಿ ತಣ್ಣನೆಯ ರೊಟ್ಟಿ ಉಂಡೆ. ಆನ್‌ಲೈನ್ ಶಿಕ್ಷಣದ ದುಷ್ಪರಿಣಾಮಗಳ ಬಗ್ಗೆ ತಜ್ಞರು ಏನೇನೋ ಹೇಳಿದ್ದಾರೆ, ಇದನ್ನು ಯಾರೂ ಹೇಳಿಲ್ಲ.

ನನಗೆ ಹೊಟ್ಟೆಗಿಂತ ತಲೆಯಲ್ಲಿ ಉಳಿದದ್ದು ಬೇರೆ. ಆ ನಿಯಮಾವಳಿಯಲ್ಲಿ ಸದ್ದಿನ ಬಗ್ಗೆ ಅಷ್ಟೆಲ್ಲ ಬರೆದಿದ್ದರು, ಸದ್ದು ಕೇಳಿ ನಕ್ಕವರ ಬಗ್ಗೆ ಒಂದಕ್ಷರವಿರಲಿಲ್ಲ. ರೊಟ್ಟಿ ಬಡಿಯುವುದು, ಕುಕ್ಕರ್ ಕೂಗುವುದು, ಎಮ್ಮೆ ಒದರುವುದು ಯಾವುದೂ ಅಸಭ್ಯತೆ ಅಲ್ಲ, ಅದು ಬದುಕು. 'ತಬಲಾ' ಎಂದು ಬರೆದದ್ದು ಮಾತ್ರ ನಿಯಮಕ್ಕೆ ಸಿಗಬೇಕಾದ ವಸ್ತು. ಅದು ಸದ್ದೇ ಮಾಡಲಿಲ್ಲವಾದ್ದರಿಂದ ಪಾರಾಯಿತು.

ಇದನ್ನು ನಾನು ಟೀಚರಿಗೆ ಬರೆಯೋಣವೆಂದುಕೊಂಡೆ. ಬರೆಯಬೇಕಾಗಿ ಬರಲಿಲ್ಲ. ಒಂದು ಬೆಳಗ್ಗೆ ಆಕೆ ಪಾಠದ ಗುಂಗಿನಲ್ಲಿರುವಾಗ ಅವರ ಮನೆಯ ಒಳಗಿನಿಂದ ವಯಸ್ಸಾದ ಹೆಣ್ಣು ದನಿಯೊಂದು, "ಗ್ಯಾಸ್‌ನವ್ನು ಬಂದು ನಿಂತವ್ನೆ, ಚಿಲ್ರೆ ಎಲ್ಲಿಟ್ಟಿದ್ದೀಯೆ? ಎಷ್ಟು ಸಲ ಕೂಗೋದು ನಿನ್ನ?" ಎಂದು ಗುಡುಗಿತು. ಅತ್ತೆಯವರೇ ಇರಬೇಕು, ಆ ದನಿಗೆ ಬೇರೆ ಯಾವ ಸಂಬಂಧವೂ ಹೊಂದುವುದಿಲ್ಲ. ಟೀಚರಮ್ಮ ಮೈಕು ಮುಚ್ಚಲು ಹುಡುಕಿದರು, ಗಡಿಬಿಡಿಯಲ್ಲಿ ಕ್ಯಾಮೆರಾ ಮುಚ್ಚಿದರು, ಮೈಕು ತೆರೆದೇ ಇತ್ತು, "ಅಯ್ಯೋ ಕ್ಲಾಸಲ್ಲಿದೀನಿ ಅತ್ತೆ" ಎಂಬುದೂ ಎಲ್ಲರಿಗೂ ಕೇಳಿತು. ಹಳದಿ ಮುಖಗಳು ಏಳತೊಡಗಿದ್ದವು. ಅಷ್ಟರಲ್ಲಿ ನಮ್ಮ ಕೂಸು ಕೈ ಎತ್ತಿತು. ಪರದೆ ಮೇಲಿನ ಹಳದಿ ಕೈಯಲ್ಲ, ತನ್ನದೇ ಕೈ. "ಮ್ಯಾಮ್, ನೀವು ಗ್ಯಾಸ್ ತಗೊಂಡು ಬನ್ನಿ, ನಾವು ಕಾಯ್ತೀವಿ" ಅಂದಳು. ಅವರು ಹೋಗಿ ಬಂದರು. ಇವರು ಕಾದರು. ಆ ವಾರ ಗುಂಪಿಗೆ ಬಂದ ನಿಯಮಾವಳಿಯಲ್ಲಿ ಖಾಲಿ ಗೋಡೆಯ ಸಾಲು ಮಾಯವಾಗಿತ್ತು. ಅದರ ಜಾಗದಲ್ಲಿ, ಯಾರ ಮನೆಯ ಸದ್ದನ್ನೂ ನೋಟವನ್ನೂ ಆಡಿಕೊಳ್ಳಬಾರದು ಎಂಬುದು ಬಂದಿತ್ತು. ಹಿರಿಯರ ಸಾಲು ಇದ್ದಲ್ಲೇ ಇತ್ತು.

ಆ ಟೀಚರಮ್ಮನ ಕಷ್ಟ ಕ್ಲಾಸಿಗೆ ಮುಗಿಯುತ್ತಿರಲಿಲ್ಲ. ಪಾಲಕರು ರಾತ್ರಿ ಹತ್ತಕ್ಕೆ "ಹೋಂವರ್ಕ್ ಯಾವ ಪೇಜು?" ಎನ್ನುವರು, ಬೆಳಗ್ಗೆ ಐದೂವರೆಗೆ ಗುಲಾಬಿ ಹೂವಿನ ಚಿತ್ರ ಕಳಿಸುವರು. ನಮ್ಮ ಕಾಲದಲ್ಲಿ ಪಾಲಕರ ಸಭೆ ನಡೆಯುತ್ತಿದ್ದುದು ಕೊಟ್ಟೂರು ಸಂತೆಯಲ್ಲಿ. ಬದನೆಕಾಯಿ ಆರಿಸುತ್ತಿರುವಾಗ ಹಿಂದಿನಿಂದ "ನಮ್ ಹುಡುಗ ಹೆಂಗದಾನ್ರೀ ಸಾರ್?" ಎಂಬ ದನಿ ಬರುತ್ತಿತ್ತು. "ಪರವಾಗಿಲ್ಲ, ಗಣಿತ ಒಂಚೂರು" ಎನ್ನುವಷ್ಟರಲ್ಲಿ ಅವರು ನನ್ನ ಚೀಲಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಹಾಕಿ ಹೋಗಿರುತ್ತಿದ್ದರು. ಎಂಥ ಅವಸರದ ಅಪ್ಪನೂ ದೀಪ ಹಚ್ಚಿದ ಮೇಲೆ ಮೇಷ್ಟ್ರ ಬಾಗಿಲು ಬಡಿದವನಲ್ಲ. ಕೊನೆಗೆ ಆಕೆ, ಸಂಜೆ ಆರರ ಮೇಲೆ ಉತ್ತರಿಸುವುದಿಲ್ಲ, ಮರುದಿನ ಬೆಳಗ್ಗೆ ಎಲ್ಲರಿಗೂ ಉತ್ತರ ಸಿಗುತ್ತದೆ ಎಂದು ಬರೆದರು. ಆ ಪಟ್ಟಿಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಸಾಲು ಅದು. ಎಷ್ಟು ಹೊತ್ತಿಗೆ ಉತ್ತರ ಬರುತ್ತದೆ ಎಂದು ತಿಳಿದಿದ್ದರೆ ಕಾಯುವವನಿಗೂ ನಿದ್ದೆ ಬರುತ್ತದೆ. ಒಬ್ಬ ತಂದೆ ಮಾತ್ರ "ನಾವು ಫೀಸು ಕಟ್ಟುವುದಿಲ್ಲವೇ?" ಎಂದು ಇಂಗ್ಲಿಷಿನಲ್ಲಿ, ಅದೂ ದೊಡ್ಡಕ್ಷರಗಳಲ್ಲಿ ಕೇಳಿದ. ನನ್ನ ಕೈ ತುರಿಸಿತು. ಮಗಳ ಫೋನು ಎತ್ತಿಕೊಂಡೆ. ನಮ್ಮಾಕೆ ಚೀಟಿ ತೋರಿಸಿದಳು.

ದೊಡ್ಡಕ್ಷರದ ವಿಷಯ ನನ್ನ ಅಕ್ಕನ ಮಗ ಹೇಳಿದ್ದು. ಅವನು ಕಂಪ್ಯೂಟರ್ ಕಲಿತವನು. ಇಂಥ ನಡವಳಿಕೆಯ ನಿಯಮಗಳನ್ನು 1995ರ ಅಕ್ಟೋಬರ್‌ನಲ್ಲೇ ಇಂಟೆಲ್ ಕಂಪನಿಯ ಸ್ಯಾಲಿ ಹ್ಯಾಂಬ್ರಿಜ್ ಎಂಬಾಕೆ ಬರೆದಿಟ್ಟಿದ್ದಾರಂತೆ, ಆರ್‌ಎಫ್‌ಸಿ 1855 ಎಂದು ಅದರ ಹೆಸರು. ಇಂಗ್ಲಿಷಿನ ದೊಡ್ಡಕ್ಷರದಲ್ಲೇ ಬರೆದರೆ ಕೂಗಿದ ಹಾಗಾಗುತ್ತದೆ, ಸಿಟ್ಟಿನ ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಕಳಿಸಬೇಕು, ತಾನು ಬರೆಯುವಾಗ ಬಿಗಿ, ಬೇರೆಯವರದನ್ನು ಓದುವಾಗ ಸಡಿಲ, ಹೀಗೆಲ್ಲ ಅದರಲ್ಲಿದೆಯಂತೆ. ಈ ಕೊನೆಯ ಮಾತನ್ನು ಕೇಳಿ ನಾನು ಆ ಪುಣ್ಯಾತ್ಗಿತ್ತಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರ ಇಲ್ಲದಿರುವುದರಿಂದ ನಮಗೆ ಬರವಣಿಗೆಯಲ್ಲಿ ಕೂಗುವ ಸೌಲಭ್ಯ ಕಡಿಮೆ. ಅದರ ಕೊರತೆಯನ್ನು ನಮ್ಮವರು ಆಶ್ಚರ್ಯಚಿಹ್ನೆಗಳಿಂದ ತುಂಬಿಕೊಂಡಿದ್ದಾರೆ.

ಮೈಕು ಮುಚ್ಚಿಸುವ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಒಂದು ತಕರಾರಿದೆ. ಅದು ನನ್ನ ಸ್ವಂತ ದುಃಖದಿಂದ ಹುಟ್ಟಿದ್ದು ಎಂದು ನೀವು ಅಂದುಕೊಂಡರೂ ಚಿಂತೆಯಿಲ್ಲ, ಹೇಳಿಯೇ ಬಿಡುತ್ತೇನೆ. ಇಡೀ ಜನಸಮೂಹವನ್ನು ಒಂದೇ ಏಟಿಗೆ ಸುಮ್ಮನಾಗಿಸುವ ವಿದ್ಯೆ ಜೂಮಿನವರು ಕಂಡುಹಿಡಿದದ್ದಲ್ಲ. ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಯ ಜಾತ್ರೆಗೆ ಹೋಗಿ ನೋಡಿ. ಕರಿಕಂಬಳಿಯ ಗೊರವರು, ಡಮರುಗ, ಭಂಡಾರ, ಚಕ್ಕಡಿಗಳು, ಕಳೆದುಹೋದ ಮಕ್ಕಳನ್ನು ಕೂಗುವ ತಾಯಂದಿರು, ಲಕ್ಷಾಂತರ ಮಂದಿಯ ಗದ್ದಲ. ಕಾರ್ಣಿಕದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ತುದಿಯಲ್ಲಿ ನಿಂತು ಆಕಾಶ ನೋಡಿ "ಸದ್ದಲೇ!" ಎನ್ನುತ್ತಾನೆ. ಅಷ್ಟೇ. ಆ ಮೈದಾನ ಹೇಗೆ ನಿಶ್ಶಬ್ದವಾಗುತ್ತದೆ ಎಂದರೆ ಪಕ್ಕದವನ ಉಸಿರು ಕೇಳುತ್ತದೆ. ಗೊರವಯ್ಯ ಒಂದೇ ಒಂದು ಸಾಲು ನುಡಿದು ಮೇಲಿನಿಂದ ಹಾಗೇ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮರುಗಳಿಗೆಯಿಂದ ಮಾತು ಜನರದ್ದು. ಮಳೆಯ ಮಾತು ಎನ್ನುವವರೆಷ್ಟು, ಬೆಳೆಯ ಮಾತು ಎನ್ನುವವರೆಷ್ಟು, ಮುಖ್ಯಮಂತ್ರಿಗಳ ಕುರ್ಚಿಗೆ ಹೊಂದಿಸುವವರೆಷ್ಟು! ಆ ಒಂದು ಸಾಲನ್ನು ಹರಪನಹಳ್ಳಿಯ ಬಸ್‌ಸ್ಟ್ಯಾಂಡಿನಿಂದ ಹಿಡಿದು ಹಗರಿಬೊಮ್ಮನಹಳ್ಳಿಯ ಕಟಿಂಗ್ ಶಾಪಿನವರೆಗೆ ಮುಂದಿನ ಜಾತ್ರೆ ಬರುವ ತನಕ ಬಿಡಿಸುತ್ತಿರುತ್ತಾರೆ.

ನಮ್ಮ ಟೀಚರುಗಳು ಎಲ್ಲರ ಮೈಕು ಮುಚ್ಚಿ ಏನು ಮಾಡುತ್ತಾರೆ? ನೋಟ್ಸು ಓದುತ್ತಾರೆ. ಮುಕ್ಕಾಲು ಗಂಟೆ ಓದಿ "ಡೌಟ್ಸ್?" ಎಂದು ಕೇಳಿ, ಯಾರಾದರೂ ಮೈಕು ತೆರೆಯುವಷ್ಟರಲ್ಲಿ ಥ್ಯಾಂಕ್ಯೂ ಹೇಳಿ ಹೊರಡುತ್ತಾರೆ. ಅಷ್ಟು ಹೊತ್ತು ಸುಮ್ಮನಿರಿ ಎನ್ನುವುದಾದರೆ ಹೇಳುವ ಮಾತಿಗೂ ಬಿಲ್ಲೇರುವ ತೂಕ ಇರಬೇಕಪ್ಪ. ಇಲ್ಲವೇ ಒಂದು ಸಾಲು ಹೇಳಿ ಬಿದ್ದುಬಿಡಬೇಕು, ಹಿಡಿದುಕೊಳ್ಳಲು ಮಕ್ಕಳು ಇರುತ್ತಾರೆ. ನನ್ನ ತರಗತಿಗಳು ಹೇಗಿದ್ದವು ಎಂದು ದಯವಿಟ್ಟು ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಬೇಡಿ. ಅವರಲ್ಲಿ ಕೆಲವರು ಇದೇ ಊರಿನಲ್ಲಿದ್ದಾರೆ.

ಇಷ್ಟೆಲ್ಲ ನಡೆಯುವಾಗ ನಮ್ಮ ಓಣಿಯ ಮಕ್ಕಳಿಗೆ ಯಾವ ನಿಯಮಾವಳಿಯ ಹೆದರಿಕೆಯೂ ಇರಲಿಲ್ಲ, ಫೋನೇ ಇರಲಿಲ್ಲವಲ್ಲ. ಇದ್ದ ಮನೆಯಲ್ಲೂ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಹೈಸ್ಕೂಲಿನವರಿಗೆ ಜುಲೈ 20ರಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬಂತು. ಟಿವಿಯೊಳಗಿನ ಮೇಷ್ಟ್ರು ಒಳ್ಳೆಯವರು, ಆದರೆ ಅವರಿಗೆ ಕೈ ಎತ್ತಿ ತೋರಿಸಿ ಪ್ರಯೋಜನವಿಲ್ಲ. ಆಗಸ್ಟ್‌ನಲ್ಲಿ 'ವಿದ್ಯಾಗಮ' ಎಂದು ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೊರಟರು. ನಮ್ಮ ಸೀಮೆಯಲ್ಲಿ ಗುಡಿಯ ಪೌಳಿ, ಸಮುದಾಯ ಭವನ, ಬೇವಿನ ಮರದ ಬುಡ, ಎಲ್ಲವೂ ಶಾಲೆಯಾದವು. ಮಕ್ಕಳಿಗೂ ಸೋಂಕು ತಗುಲುತ್ತಿದೆ ಎಂಬ ಸುದ್ದಿಯ ಮೇಲೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಅಷ್ಟರೊಳಗೆ ನಮ್ಮ ಮೊಮ್ಮಗಳು ತನ್ನ ಕ್ಲಾಸು ಇಲ್ಲದ ಹೊತ್ತಿನಲ್ಲಿ ಹೋಗಿ ಅವರ ಜೊತೆ ಕೂತು ಬರುವುದು ರೂಢಿಯಾಗಿತ್ತು. ಅಲ್ಲಿ ಕೈ ಎತ್ತುವುದೆಂದರೆ ಪೂರ್ತಿ ಮೈಯೇ ಎದ್ದು ನಿಲ್ಲುತ್ತದೆ, "ಸಾರ್ ನಾನ್ ಸಾರ್, ಸಾರ್ ನಾನ್ ಸಾರ್" ಎಂಬ ಸದ್ದಿನ ಸಮೇತ. ಅವಳು ಅವರಿಗೆ ತನ್ನ ಕ್ಲಾಸಿನ ಸುದ್ದಿಯೆಲ್ಲ ಹೇಳಿದ್ದಳಂತೆ. ಅವರು ಅದನ್ನು ಆಟ ಮಾಡಿಕೊಂಡರು. ಒಬ್ಬರು ಟೀಚರು, ಉಳಿದವರು ಜೋರಾಗಿ ಮಾತಾಡಬೇಕು. ಟೀಚರು ಬೆರಳು ತೋರಿಸಿದವರು ಬಾಯಿ ಆಡಿಸುತ್ತಲೇ ಇರಬೇಕು, ದನಿ ಮಾತ್ರ ಬರಕೂಡದು. ನಕ್ಕವರು ಔಟು. ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಆ ಆಟ ನಡೆಯುತ್ತಿತ್ತು. ಪಕ್ಕದ ಮನೆಯ ಹುಡುಗನೊಬ್ಬ ಹೆಗಲಿಗೆ ಟವೆಲ್ಲು ಹಾಕಿ, ಹುಬ್ಬು ಹಾರಿಸಿ, ಬೆರಳು ಮಡಚಿ ಒಂದು ಎರಡು ಮೂರು ಎಂದು ಏನನ್ನೋ ಎಣಿಸುತ್ತ ಬಾಯಿ ಆಡಿಸುತ್ತಿದ್ದ. ಉಳಿದವರೆಲ್ಲ ಔಟಾಗಿ ಬಿದ್ದು ಬಿದ್ದು ನಗುತ್ತಿದ್ದರು. ಏನು ಎಣಿಸುತ್ತಿದ್ದ ಎಂದು ನಾನು ಕೇಳಲಿಲ್ಲ. ಐದಕ್ಕೆ ನಿಲ್ಲಿಸಿದ.

ಶಾಲೆ ತೆರೆದು ಮಗಳು ಮೊಮ್ಮಗಳು ಬೆಂಗಳೂರಿಗೆ ಹೋದರು. 2021ರಲ್ಲಿ ನಮ್ಮ ಜಿಲ್ಲೆಯೂ ಬಳ್ಳಾರಿ ಹೋಗಿ ವಿಜಯನಗರ ಆಯಿತು. ನಾವಾದರೂ ಪರವಾಗಿಲ್ಲ, ಹರಪನಹಳ್ಳಿಯವರು 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಚೀಲ ಬಿಚ್ಚುವ ಮೊದಲೇ ಮತ್ತೆ ಹೊರಟರು. ಈಗ ಯಾವ ಟೀಚರಾದರೂ ನೀವಿರುವುದು ಎಲ್ಲಿ ಎಂದು ಕೇಳಿದರೆ ಉತ್ತರ ಇನ್ನೂ ಉದ್ದವಾಗುತ್ತದೆ. ಜೂಮು ಮಾತ್ರ ನಮ್ಮ ಫೋನುಗಳಲ್ಲೇ ಉಳಿಯಿತು. ಸುತ್ತಿನ ತಾಲ್ಲೂಕುಗಳ ನಾವು ಕೆಲವು ನಿವೃತ್ತ ಮೇಷ್ಟ್ರುಗಳು ಅದರಲ್ಲೇ ಆಗಾಗ ಸೇರುತ್ತೇವೆ. ಸೇರಿದಾಗಲೆಲ್ಲ ಸಂತೆ. ಹಡಗಲಿಯ ಗೆಳೆಯರು ಫೋನನ್ನು ಮಲ್ಲಿಗೆ ಬಳ್ಳಿಯ ಕಡೆ ತಿರುಗಿಸಿಟ್ಟು ನೀರು ಬಿಡಲು ಹೋಗಿರುತ್ತಾರೆ, ನಾವು ಬಳ್ಳಿಗೇ ನಮಸ್ಕಾರ ಹೇಳುತ್ತೇವೆ. ಕೊಟ್ಟೂರಿನವರ ಮೈಕಿನಲ್ಲಿ ಮಂಡಕ್ಕಿ ಮೆಲ್ಲುವ ಸದ್ದು, ನಡುನಡುವೆ ಮಿರ್ಚಿ ಕಚ್ಚಿದ ಹಾ ಹೂ. ಹಗರಿಬೊಮ್ಮನಹಳ್ಳಿಯವರ ಚಿತ್ರ ಬಾಯಿ ತೆರೆದ ಭಂಗಿಯಲ್ಲೇ ನಿಂತುಬಿಟ್ಟಿರುತ್ತದೆ, ಮಾತಾಡುತ್ತಿದ್ದಾರೋ ಆಕಳಿಸುತ್ತಿದ್ದಾರೋ ಹೇಳುವಂತಿಲ್ಲ.

ಹೀಗಾದರೆ ಹೇಗೆ, ನಾವೂ ಒಂದು ನಿಯಮಾವಳಿ ಮಾಡಿಕೊಳ್ಳೋಣ ಎಂದು ಹೋದ ಸಭೆಯಲ್ಲಿ ತೀರ್ಮಾನವಾಯಿತು. ಅನುಭವಸ್ಥನೆಂದು ನನ್ನನ್ನೇ ಬರೆದುಕೊಳ್ಳಲು ಕೂರಿಸಿದರು. ಕೂಡ್ಲಿಗಿಯವರು ಮೊದಲು ಪ್ರಾರ್ಥನೆ ಆಗಲಿ ಎಂದರು, ಆಯಿತು. ನಿಯಮ ಒಂದು: ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡಬಾರದು. ಇದನ್ನು ಐದು ಜನ ಒಟ್ಟಿಗೇ ಹೇಳಿದರು. ಯಾರು ಮೊದಲು ಹೇಳಿದ್ದು ಎಂಬುದರ ಮೇಲೆ ಚರ್ಚೆ ಎದ್ದಿತು. ಹರಪನಹಳ್ಳಿಯವರು 'ಬಾರದು' ಸರಿಯೋ 'ತಕ್ಕದ್ದಲ್ಲ' ಸರಿಯೋ ಎಂದು ತೆಗೆದರು. ಕೈ ಎತ್ತುವ ಗುಂಡಿ ಎಲ್ಲಿದೆ ಎಂದು ಕೊಟ್ಟೂರಿನವರು ಮಂಡಕ್ಕಿ ನುಂಗಿ ಕೇಳಿದರು, ಅದನ್ನು ಎಲ್ಲರೂ ಎಲ್ಲರಿಗೂ ತೋರಿಸಿಕೊಟ್ಟರು. ಪುಕ್ಕಟೆ ಜೂಮು 40 ನಿಮಿಷಕ್ಕೆ ತಾನಾಗಿಯೇ ಮುಗಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಮುಗಿಯಿತು. ನಿಯಮಾವಳಿಯನ್ನು ಮುಂದಿನ ಸಭೆಗೆ ಮುಂದೂಡಲಾಗಿದೆ ಎಂದು ಕೂಡ್ಲಿಗಿಯವರು ವಾಟ್ಸಾಪಿನಲ್ಲಿ ನಡಾವಳಿ ಬರೆದು ಹಾಕಿದರು. ನಾವೆಲ್ಲ ಅದರ ಕೆಳಗೆ ಕೈಮುಗಿದ ಚಿತ್ರ ಒತ್ತಿದೆವು. ಹಡಗಲಿಯವರದು ಮಾತ್ರ ರಾತ್ರಿ ಬಂತು. ಅವರು ಆಗಷ್ಟೇ ಬಳ್ಳಿಗೆ ನೀರು ಬಿಟ್ಟು ಬಂದು, ಸಭೆ ಶುರುವಾಯಿತೇ ಎಂದು ಕೇಳಿದ್ದರು.